ಕುದುರೆಯ ರಕ್ತಸಾರದಿಂದ ಫ್ರಿಜ್ಜಿನ ಸೂಜಿಮದ್ದಿನವರೆಗೆ

ಕೀಲುನೋವಿಗೆಂದು ಆಸ್ಪತ್ರೆಗೆ ಹೋದವರಿಗೆ ಎದೆಯ ಎಕ್ಸ್‌ರೇ ಏಕೆ ತೆಗೆಸುತ್ತಾರೆ? ಈ ಪ್ರಶ್ನೆ ಈಚಿನ ವರ್ಷಗಳಲ್ಲಿ ನಮ್ಮ ಹೈದರಾಬಾದಿನ ಕನ್ನಡ ಮನೆಗಳಲ್ಲಿ ಆಗಾಗ ಕೇಳಿಬರುತ್ತಿದೆ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಅವ್ವನನ್ನೋ ಅತ್ತೆಯನ್ನೋ ಚಿಕಿತ್ಸೆಗಾಗಿ ಇಲ್ಲಿಗೆ ಕರೆಸಿಕೊಂಡವರು ನಮ್ಮಲ್ಲಿ ಅನೇಕರು. ಬೆರಳ ಗೆಣ್ಣು ಬಾತು, ಬೆಳಿಗ್ಗೆ ಎದ್ದರೆ ಮುಷ್ಟಿ ಕಟ್ಟಲಾಗದೆ, ರೊಟ್ಟಿ ತಟ್ಟಲಾಗದೆ ಕುಳಿತವರಿಗೆ ವರ್ಷಗಟ್ಟಲೆ ಗುಳಿಗೆ ನುಂಗಿಯೂ ಗುಣ ಕಾಣದಿದ್ದಾಗ, ಡಾಕ್ಟರು ‘ಬಯಾಲಾಜಿಕ್’ ಎಂಬ ಸೂಜಿಮದ್ದಿನ ಮಾತೆತ್ತುತ್ತಾರೆ. ಮೈತುಂಬ ಹೊಪ್ಪಳೆ ಏಳುವ ಸೋರಿಯಾಸಿಸ್‌ಗೂ, ಬೆನ್ನೆಲುಬು ಕೊರಡಾಗುವ ಕಾಯಿಲೆಗೂ, ಕರುಳಿನ ಹುಣ್ಣಿನ ಕೆಲವು ಬಗೆಗಳಿಗೂ ಇದೇ ಜಾತಿಯ ಮದ್ದು. ಬೆಲೆ ಬಹಳ, ಗುಣವೂ ಬಹಳ. ಹಿಡಿದುಕೊಂಡು ನಡೆಯುತ್ತಿದ್ದವರು ಕೈಬಿಟ್ಟು ನಡೆದದ್ದನ್ನು ನಾವು ಕಂಡಿದ್ದೇವೆ.

ಆದರೆ ಮದ್ದಿನ ಜೊತೆಗೆ ಹತ್ತಾರು ಕಟ್ಟಳೆಗಳೂ ಬರುತ್ತವೆ. ಎದೆಯ ಎಕ್ಸ್‌ರೇ, ಕಾಮಾಲೆಯ ವೈರಸ್ಸಿಗೆ ರಕ್ತಪರೀಕ್ಷೆ, ತಣ್ಣಗೆ ಇಡಬೇಕು, ಹೆಪ್ಪುಗಟ್ಟಬಾರದು, ಜ್ವರ ಬಂದರೆ ತಕ್ಷಣ ತಿಳಿಸಬೇಕು, ಇಂಥ ಲಸಿಕೆ ಕೂಡದು, ಇಂಥದು ಬೇಕು. ಇವೆಲ್ಲ ಆಸ್ಪತ್ರೆಯವರು ಬಿಲ್ಲು ಬೆಳೆಸುವುದಕ್ಕೆ ಮಾಡಿಕೊಂಡ ಉಪಾಯ ಎಂದು ನಗುವವರಿದ್ದಾರೆ. ಇತಿಹಾಸ ಬೇರೆ ಮಾತು ಹೇಳುತ್ತದೆ. ಈ ಕಟ್ಟಳೆಗಳಲ್ಲಿ ಹೆಚ್ಚಿನವು ಎಲ್ಲಿಯೋ ಒಂದೂರಿನಲ್ಲಿ, ಯಾರದೋ ಮನೆಯ ಜೀವ ಹೋದಮೇಲೆ ಹುಟ್ಟಿದವು. ಆ ಕಥೆ ತಿಳಿದವರು ಎಕ್ಸ್‌ರೇಯನ್ನು ತಪ್ಪಿಸಿಕೊಳ್ಳಲಾರರು ಎಂಬ ನಂಬಿಕೆಯಿಂದ ಈ ಲೇಖನ.

‘ಈ ಮದ್ದು ಎಷ್ಟು ಕ್ಷೇಮ?’ ಎಂದು ಜಗತ್ತಿಗೆಲ್ಲ ಕೇಳುವಂತೆ ಪ್ರಶ್ನೆ ಹಾಕಿದ ಊರುಗಳಲ್ಲಿ ನಮ್ಮ ಹೈದರಾಬಾದೂ ಒಂದು. ಆ ಕಾಲದ ಮದ್ದು ಕ್ಲೋರೋಫಾರ್ಮ್. ರೆಸಿಡೆನ್ಸಿಯ ಸರ್ಜನ್ನರಾಗಿದ್ದ ಎಡ್ವರ್ಡ್ ಲಾರಿ ಎಂಬವರು ಅಫ್ಜಲ್‌ಗಂಜಿನ ಆಸ್ಪತ್ರೆಯಲ್ಲಿ ಸಾವಿರಾರು ಜನರಿಗೆ ಕ್ಲೋರೋಫಾರ್ಮ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದ್ದರು. ಅದರಿಂದ ಸಾವು ಬಂದರೆ ಉಸಿರು ನಿಂತು ಬರುತ್ತದೆಯೇ ಹೊರತು ಹೃದಯ ನಿಂತಲ್ಲ, ಆದ್ದರಿಂದ ಉಸಿರಿನ ಮೇಲೆ ಕಣ್ಣಿಟ್ಟರೆ ಸಾಕು ಎಂಬುದು ಅವರ ಗಟ್ಟಿ ನಂಬಿಕೆ. ಆರನೆಯ ನಿಜಾಮ್ ಮಹಬೂಬ್ ಅಲಿ ಖಾನರ ಬೆಂಬಲದಿಂದ 1888ರಲ್ಲಿ ಒಂದು ಆಯೋಗ ಕೂತಿತು. ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆ ಅದರ ತೀರ್ಮಾನವನ್ನು ಒಪ್ಪಲಿಲ್ಲ. ನಿಜಾಮರು 1000 ಪೌಂಡು ಕೊಟ್ಟು, ನಿಮ್ಮವರನ್ನೇ ಕಳಿಸಿ ಎಂದರು. ಲಾಡರ್ ಬ್ರಂಟನ್ ಎಂಬ ಹೆಸರಾಂತ ವೈದ್ಯರು ಹಡಗು ಹತ್ತಿ ಬಂದರು; 1889ರಲ್ಲಿ ಎರಡನೆಯ ಆಯೋಗ ನೂರಾರು ನಾಯಿಗಳ ಮೇಲೆ, ಕೋತಿಗಳ ಮೇಲೆ ಪ್ರಯೋಗ ನಡೆಸಿತು. ಇಲ್ಲಿನ ವೈದ್ಯಶಾಲೆಯಲ್ಲಿ ಓದಿದ ರೂಪಾಬಾಯಿ ಫರ್ದೂನ್‌ಜಿ ಈ ಕೆಲಸದಲ್ಲಿ ಪಾಲುಗೊಂಡರು. ಅರಿವಳಿಕೆ ಕೊಡುವ ವಿದ್ಯೆಯಲ್ಲಿ ಲೋಕದಲ್ಲೇ ಮೊದಲ ಮಹಿಳೆಯರ ಸಾಲಿನಲ್ಲಿ ಅವರ ಹೆಸರಿದೆ. ಅವರ ವಿಷಯವೇ ಒಂದು ಪ್ರತ್ಯೇಕ ಲೇಖನಕ್ಕೆ ತಕ್ಕುದು.

ಎರಡನೆಯ ಆಯೋಗವೂ ಲಾರಿಯವರ ಮಾತನ್ನೇ ಎತ್ತಿಹಿಡಿಯಿತು. ಹೈದರಾಬಾದಿನ ಹೆಸರು ದೇಶ ವಿದೇಶಗಳಲ್ಲಿ ಮೊಳಗಿತು. ಆದರೆ 1911ರಲ್ಲಿ ಗುಡ್‌ಮನ್ ಲೆವಿ ಎಂಬ ಇಂಗ್ಲಿಷ್ ವೈದ್ಯರು, ಕ್ಲೋರೋಫಾರ್ಮ್ ಕಡಿಮೆಯಾಗಿ ಕೊಟ್ಟಾಗಲೂ ಹೃದಯ ತಾಳತಪ್ಪಿ ಅದುರಿ ಹಠಾತ್ತನೆ ನಿಂತುಬಿಡಬಹುದೆಂದು ತೋರಿಸಿಕೊಟ್ಟರು. ನೂರಾರು ಪ್ರಯೋಗ ಮಾಡಿದವರು ಸುಳ್ಳು ಹೇಳಿದವರಲ್ಲ, ಸೋಮಾರಿಗಳೂ ಅಲ್ಲ. ಪ್ರಯೋಗಶಾಲೆಯಲ್ಲಿ ಕಾಣದ ಅಪಾಯ ಬಳಕೆಯಲ್ಲಿ ಕಾಣಬಹುದು, ಅದಕ್ಕೆ ವರ್ಷಗಳೂ ಬೇಕಾಗಬಹುದು. ಇದು ಮುಂದಿನ ಕಥೆಗೆ ಬೇಕಾದ ಮಾತು.

ಬಯಾಲಾಜಿಕ್ ಎಂದರೆ ರಾಸಾಯನಿಕ ಕಾರ್ಖಾನೆಯಲ್ಲಿ ಬೆಸೆದ ಮದ್ದಲ್ಲ, ಜೀವಕೋಶಗಳಲ್ಲಿ ಬೆಳೆಸಿ ತೆಗೆದ ಮದ್ದು. ಅದರ ಮೊದಲ ಕಾರ್ಖಾನೆ ಕುದುರೆ. 1890ರಲ್ಲಿ ಬರ್ಲಿನ್ನಿನಲ್ಲಿ ಬೆಹ್ರಿಂಗ್ ಮತ್ತು ಜಪಾನಿನ ಕಿಟಸಾಟೊ ಇಬ್ಬರೂ, ರೋಗದ ವಿಷಕ್ಕೆ ಒಗ್ಗಿಕೊಂಡ ಪ್ರಾಣಿಯ ರಕ್ತಸಾರದಲ್ಲಿ ಆ ವಿಷವನ್ನು ಮುರಿಯುವ ಶಕ್ತಿಯಿದೆಯೆಂದು ಕಂಡುಕೊಂಡರು. ಕುದುರೆಗಳಿಗೆ ವಿಷ ಚುಚ್ಚಿ, ರಕ್ತ ಬಸಿದು, ಮೇಲಿನ ತಿಳಿಯನ್ನು ಗಂಟಲಮಾರಿ ಬಂದ ಮಕ್ಕಳಿಗೆ ಚುಚ್ಚಿದಾಗ ಸಾಯುವ ಮಕ್ಕಳು ಬದುಕಿದವು. ವೈದ್ಯಶಾಸ್ತ್ರದ ಮೊದಲ ನೊಬೆಲ್ ಬಹುಮಾನ 1901ರಲ್ಲಿ ಬೆಹ್ರಿಂಗರಿಗೆ ಬಂದದ್ದು ಇದಕ್ಕೇ.

ಅದೇ 1901ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಪಟ್ಟಣದಲ್ಲಿ ಅನಾಹುತವಾಯಿತು. ಹಿಂದೆ ಹಾಲಿನ ಗಾಡಿ ಎಳೆಯುತ್ತಿದ್ದ ಜಿಮ್ ಎಂಬ ಕುದುರೆಯ ರಕ್ತಸಾರವನ್ನು ಅಲ್ಲಿ ಗಂಟಲಮಾರಿಗೆ ಬಳಸುತ್ತಿದ್ದರು. ಆ ಕುದುರೆಗೆ ಧನುರ್ವಾಯು ತಗಲಿ ಅದನ್ನು ಕೊಲ್ಲಬೇಕಾಯಿತು. ಆದರೆ ರೋಗ ಹೊರಗೆ ಕಾಣುವ ಮೊದಲೇ ಬಸಿದಿದ್ದ ರಕ್ತಸಾರ ಸೀಸೆಗಳಲ್ಲಿ ಸೇರಿ ಹೊರಗೆ ಹೋಗಿತ್ತು. 13 ಮಕ್ಕಳು ಸತ್ತವು. ಮದ್ದನ್ನು ಪರೀಕ್ಷಿಸದೆ ಹೊರಗೆ ಬಿಟ್ಟಿದ್ದರು. ಮರುವರ್ಷ, 1902ರಲ್ಲಿ, ಅಮೆರಿಕ ಒಂದು ಕಾಯಿದೆ ಮಾಡಿತು. ‘ಬಯಾಲಾಜಿಕ್ಸ್ ಕಂಟ್ರೋಲ್ ಆಕ್ಟ್’ ಎಂದು ಅದಕ್ಕೆ ಹೆಸರು ಬಿತ್ತು. ಇಂದು ನಮ್ಮ ಮದ್ದಿನ ಡಬ್ಬಿಯ ಮೇಲೆ ಅಚ್ಚಾಗುವ ಬ್ಯಾಚ್ ನಂಬರನ್ನು ನೋಡುವಾಗ ನಮಗೆ ಆ ಕುದುರೆಯ ನೆನಪಾಗುತ್ತದೆ. ಯಾವ ಸೀಸೆ ಯಾವ ದಿನದ್ದು ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗಲು ಉಳಿದಿರುವ ಎಳೆ ಅದೊಂದೇ. ಡಬ್ಬಿ ಎಸೆಯುವ ಮೊದಲು ಮದ್ದಿನ ಹೆಸರು, ತಯಾರಕರ ಹೆಸರು, ಬ್ಯಾಚ್ ನಂಬರು, ಚುಚ್ಚಿಸಿಕೊಂಡ ತಾರೀಕು ಈ ನಾಲ್ಕನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು.

ನಮ್ಮ ದೇಶದ ಪಾಠವೂ ಅದೇ 1902ರದು. ಪ್ಲೇಗಿನ ಕಾಲ. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಹಾಫ್‌ಕಿನ್ ಸಾಹೇಬರ ಲಸಿಕೆಯನ್ನು ಒಂದೇ ದಿನ 107 ಜನರಿಗೆ ಚುಚ್ಚಿದರು. ಅವರಲ್ಲಿ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡ 19 ಜನ ಧನುರ್ವಾಯುವಿನಿಂದ ತೀರಿಕೊಂಡರು. ಹಾಫ್‌ಕಿನ್ನರ ಮೇಲೆ ಆಪಾದನೆ ಬಂದು ಅವರು ಹುದ್ದೆ ಕಳೆದುಕೊಂಡರು. ಸೀಸೆಯ ಬಿರಡೆ ತೆಗೆಯುವಾಗ ನೆಲಕ್ಕೆ ಬಿದ್ದ ಇಕ್ಕಳವನ್ನು ಸರಿಯಾಗಿ ಶುದ್ಧಿಮಾಡದೆ ಮತ್ತೆ ಬಳಸಿದ ಸಂಗತಿ ಆಮೇಲೆ ಬೆಳಕಿಗೆ ಬಂತು. 1907ರಲ್ಲಿ ಅವರ ಪರವಾಗಿ ದನಿಯೆತ್ತಿದವರಲ್ಲಿ ರೊನಾಲ್ಡ್ ರಾಸ್ ಒಬ್ಬರು. ನಮ್ಮ ಸಿಕಂದರಾಬಾದಿನಲ್ಲಿ 1897ರಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಗುಟ್ಟನ್ನು ಕಂಡವರೇ ಅವರು. ಈಗ ಬಯಾಲಾಜಿಕ್‌ಗಳಲ್ಲಿ ಅನೇಕವನ್ನು ಮನೆಯಲ್ಲೇ ಹೊಟ್ಟೆಗೋ ತೊಡೆಗೋ ಚುಚ್ಚಿಕೊಳ್ಳಬಹುದು. ಕೈ ತೊಳೆಯದೆ, ಟೀವಿ ನೋಡುತ್ತಾ, ದಿವಾನದ ಮೇಲೆ ಕೂತು ಚುಚ್ಚಿಕೊಳ್ಳುವವರು ಮುಲ್ಕೋವಾಲಿನ ಇಕ್ಕಳವನ್ನು ನೆನೆಯಲಿ. ಕೆಳಗೆ ಬಿದ್ದ ಸೂಜಿಯನ್ನು ಒರೆಸಿ ಬಳಸಕೂಡದು.

ಕುದುರೆಯ ರಕ್ತಸಾರಕ್ಕೆ ಇನ್ನೊಂದು ತೊಂದರೆ ಇತ್ತು. ಅದನ್ನು ಚುಚ್ಚಿದ ಒಂದೆರಡು ವಾರಕ್ಕೆ ಕೆಲವು ಮಕ್ಕಳಿಗೆ ಜ್ವರ, ಮೈಮೇಲೆ ದದ್ದು, ಕೀಲುಬೇನೆ ಬರುತ್ತಿತ್ತು. ವಿಯೆನ್ನಾದ ಫಾನ್ ಪಿರ್ಕೆ ಮತ್ತು ಷಿಕ್ ಎಂಬ ವೈದ್ಯರು 1905ರಲ್ಲಿ ಇದನ್ನು ವಿವರವಾಗಿ ಬರೆದರು. ಕುದುರೆಯ ಪ್ರೋಟೀನನ್ನು ಪರಕೀಯವೆಂದು ಬಗೆದು ಮೈಯೇ ಅದರ ಮೇಲೆ ತಿರುಗಿಬೀಳುತ್ತಿತ್ತು. ‘ಅಲರ್ಜಿ’ ಎಂಬ ಪದವನ್ನು ಮರುವರ್ಷ ಹುಟ್ಟಿಸಿದವರು ಇದೇ ಪಿರ್ಕೆ.

ಕುದುರೆಯಿಂದ ಇಲಿಗೆ ಬರಲು 70 ವರ್ಷ ಹಿಡಿಯಿತು. 1975ರಲ್ಲಿ ಕೇಂಬ್ರಿಜ್ಜಿನಲ್ಲಿ ಕೋಲರ್ ಮತ್ತು ಮಿಲ್‌ಸ್ಟೀನ್ ಎಂಬಿಬ್ಬರು ಒಂದೇ ಅಚ್ಚಿನ ಪ್ರತಿಕಾಯಗಳನ್ನು ಬೇಕಾದಷ್ಟು ಬೆಳೆಯುವ ಉಪಾಯ ಕಂಡುಹಿಡಿದರು. ಮೊದಮೊದಲು ಅವು ಪೂರ್ತಿ ಇಲಿಯವು. ಆಮೇಲೆ ಅರೆ ಇಲಿ, ಅರೆ ಮನುಷ್ಯ. ಕೊನೆಗೆ ಪೂರ್ತಿ ಮನುಷ್ಯನವು. ಈ ಮದ್ದುಗಳ ಹೆಸರಿನ ಬಾಲದಲ್ಲಿ ‘ಮ್ಯಾಬ್’ ಇರುವುದು ಇಂಥ ಪ್ರತಿಕಾಯವೆಂಬುದರ ಗುರುತು. ಇನ್‌ಫ್ಲಿಕ್ಸಿಮ್ಯಾಬ್, ರಿಟುಕ್ಸಿಮ್ಯಾಬ್ ಎಂಬಲ್ಲಿನ ‘ಕ್ಸಿ’ ಎಂದರೆ ಬೆರಕೆ ಜಾತಿ, ಅಂದರೆ ಇಲಿಯ ಅಂಶ ಇನ್ನೂ ಸ್ವಲ್ಪ ಇದೆ. ನಾಳದ ಮೂಲಕ ಇಂಥ ಮದ್ದು ಹನಿಸಿದಾಗ ನರ್ಸಮ್ಮ ಪದೇ ಪದೇ ಬಂದು ನಾಡಿ, ರಕ್ತದೊತ್ತಡ ನೋಡುವುದು, ಮುಗಿದಮೇಲೂ ಸ್ವಲ್ಪ ಹೊತ್ತು ಕೂರಿಸಿಕೊಳ್ಳುವುದು ಆ ಹಳೆಯ ಕುದುರೆ-ಕಾಯಿಲೆಯ ನೆನಪಿನಿಂದಲೇ. ಬಸ್ಸಿಗೆ ಹೊತ್ತಾಯಿತೆಂದು ಮೊದಲೇ ಎದ್ದು ಬರಬಾರದು.

ಇವುಗಳನ್ನು ಸಂಧಿವಾತಕ್ಕೆ ತಂದವರಲ್ಲಿ ಲೂಧಿಯಾನದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ರವೀಂದರ್ ಮೈನಿಯವರದು ದೊಡ್ಡ ಹೆಸರು. ಅವರೂ ಮಾರ್ಕ್ ಫೆಲ್ಡ್‌ಮನ್ನರೂ, ಉರಿಯೂತವನ್ನು ಕೆರಳಿಸುವ ‘ಟಿ.ಎನ್.ಎಫ್.’ ಎಂಬ ಒಂದೇ ಪದಾರ್ಥವನ್ನು ತಡೆದರೆ ಇಡೀ ಬೆಂಕಿ ತಣ್ಣಗಾದೀತೆಂದು ಊಹಿಸಿ, 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಇನ್‌ಫ್ಲಿಕ್ಸಿಮ್ಯಾಬನ್ನು ರೋಗಿಗಳಿಗೆ ಕೊಟ್ಟುನೋಡಿದರು. ಊಹೆ ನಿಜವಾಯಿತು. ಆ ಮೊದಲ ಪ್ರಯೋಗದಲ್ಲಿ ಇದ್ದವರು 20 ಜನ. ಅಷ್ಟು ಸಣ್ಣ ಗುಂಪಿನಲ್ಲಿ ಅಪರೂಪದ ಅಪಾಯ ಕಣ್ಣಿಗೆ ಬೀಳುವುದಿಲ್ಲ. 1998ರಲ್ಲಿ ಅಮೆರಿಕದಲ್ಲಿ ಇನ್‌ಫ್ಲಿಕ್ಸಿಮ್ಯಾಬಿಗೂ ಅದೇ ಕೆಲಸದ ಎಟನರ್ಸೆಪ್ಟಿಗೂ ಅನುಮತಿ ಸಿಕ್ಕಿತು. ಲಕ್ಷಗಟ್ಟಲೆ ಜನ ಬಳಸತೊಡಗಿದರು.

ಇನ್ನು ಎದೆಯ ಎಕ್ಸ್‌ರೇಯ ವಿಷಯ. 2001ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಒಂದು ವರದಿ ಬಂತು: ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡವರಲ್ಲಿ 70 ಮಂದಿಗೆ ಕ್ಷಯ ಬಂದಿದೆ. ಹೆಚ್ಚಿನವರಿಗೆ ಬಂದದ್ದು ಮೂರು ಡೋಸುಗಳ ಒಳಗೆ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಅದು ಶ್ವಾಸಕೋಶದ ಹೊರಗೆ, ಗ್ರಂಥಿಗಳಲ್ಲಿ, ಹೊಟ್ಟೆಯಲ್ಲಿ, ಮೈಯೆಲ್ಲ ಹರಡಿಕೊಂಡು ಕಾಣಿಸಿತ್ತು. ಕ್ಷಯದ ಹೆಸರೇ ಅಪರೂಪವಾದ ನಾಡುಗಳಲ್ಲಿ ಈ ಗತಿಯಾದರೆ ನಮ್ಮಲ್ಲಿ ಹೇಗೆ?

ಕಾರಣ ತಿಳಿದರೆ ಭಯ ಕಡಿಮೆಯಾಗುತ್ತದೆ. ಕ್ಷಯದ ಕ್ರಿಮಿ ಮೈ ಹೊಕ್ಕವರಿಗೆಲ್ಲ ಕ್ಷಯ ಬರುವುದಿಲ್ಲ. ಮೈಯ ಕಾವಲುಕೋಶಗಳು ಆ ಕ್ರಿಮಿಗಳ ಸುತ್ತ ಗೋಡೆ ಕಟ್ಟಿ, ಕೋಟೆಯೊಳಗೆ ಕೂಡಿಹಾಕಿ, ವರ್ಷಾನುಗಟ್ಟಲೆ ಮಲಗಿಸುತ್ತವೆ. ಆ ಗೋಡೆಯ ಗಾರೆ ಯಾವುದೆಂದರೆ ಇದೇ ಟಿ.ಎನ್.ಎಫ್. ಕೀಲಿನ ಬೆಂಕಿ ಆರಿಸಲೆಂದು ಅದನ್ನು ತಡೆದಾಗ ಎದೆಯೊಳಗಿನ ಕೋಟೆಯ ಗೋಡೆಯೂ ಸಡಿಲವಾಗುತ್ತದೆ; ಮಲಗಿದ್ದದ್ದು ಎದ್ದುಬರುತ್ತದೆ. ನಮ್ಮ ಹಿರಿಯರಿಗೆ ವಿಕಾರಾಬಾದಿನ ಅನಂತಗಿರಿ ಬೆಟ್ಟದ ಕ್ಷಯಧಾಮವೂ ಎರ್ರಗಡ್ಡದ ಎದೆರೋಗದ ಆಸ್ಪತ್ರೆಯೂ ಗೊತ್ತು. ಬೀದರ, ಕಲಬುರಗಿ ಕಡೆಯ ಎಷ್ಟೋ ಸಂಸಾರಗಳು ಅಲ್ಲಿ ದಿನ ಎಣಿಸಿವೆ. ಆ ರೋಗಿಗಳ ಜೊತೆ ಒಂದೇ ಕೋಣೆಯಲ್ಲಿ ಬೆಳೆದ ಮಕ್ಕಳು ಈಗಿನ ಅಜ್ಜ ಅಜ್ಜಿಯರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 15 ವರ್ಷ ಮೀರಿದ ಭಾರತೀಯರಲ್ಲಿ ಸುಮಾರು ಮೂರರಲ್ಲಿ ಒಬ್ಬರೊಳಗೆ ಈ ಕ್ರಿಮಿ ಮಲಗಿದೆ. ಆದ್ದರಿಂದ ಡಾಕ್ಟರು ‘ಮನೆಯಲ್ಲಿ ಯಾರಿಗಾದರೂ ಟಿ.ಬಿ. ಆಗಿತ್ತೇ?’ ಎಂದು ಕೇಳಿದಾಗ, ಮಗಳ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುವ ನಮ್ಮ ಹಳೆಯ ರೂಢಿ ಇಲ್ಲಿ ಪ್ರಾಣಕ್ಕೇ ಬರುತ್ತದೆ. ಕಾಕಾನಿಗೆ ಆಗಿತ್ತು ಎಂದರೆ ಕಾಕಾನ ಮರ್ಯಾದೆ ಹೋಗುವುದಿಲ್ಲ.

ಈ ಪರೀಕ್ಷೆಯಿಂದ ಪ್ರಯೋಜನವಿದೆ ಎಂಬುದಕ್ಕೆ ಸಾಕ್ಷಿ ಸ್ಪೇನ್ ದೇಶದ್ದು. ಮದ್ದಿಗೆ ಮೊದಲು ಎಕ್ಸ್‌ರೇ ಮತ್ತು ಚರ್ಮದ ಪರೀಕ್ಷೆ ಮಾಡಿ, ಮಲಗಿದ ಕ್ಷಯ ಕಂಡವರಿಗೆ ಮುಂಚಿತವಾಗಿ ಅದರ ಗುಳಿಗೆ ಕೊಡಬೇಕೆಂಬ ನಿಯಮ ಅಲ್ಲಿ 2002ರಲ್ಲಿ ಬಂದಮೇಲೆ, ಈ ರೋಗಿಗಳಲ್ಲಿ ಹೊಸದಾಗಿ ಕ್ಷಯ ಬರುವುದು ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಇಳಿಯಿತು. ಪೂರ್ತಿ ನಿಲ್ಲಲಿಲ್ಲ ಎಂಬುದನ್ನೂ ಗಮನಿಸಬೇಕು. ಪರೀಕ್ಷೆಯಲ್ಲಿ ಪಾಸಾದವರಿಗೂ ಮುಂದೆ ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಕುತ್ತಿಗೆಯ ಗಂಟು, ಬಿಡದ ಕೆಮ್ಮು ಕಂಡರೆ ತಡಮಾಡದೆ ತೋರಿಸಬೇಕು. ಇದೇ ವರ್ಗದ ಕೆಲವು ಮದ್ದುಗಳಲ್ಲಿ, ವಿಶೇಷವಾಗಿ ಟೊಸಿಲಿಜುಮ್ಯಾಬ್ ಎಂಬುದರಲ್ಲಿ, ಒಳಗೆ ಸೋಂಕು ಜೋರಾಗಿದ್ದರೂ ಜ್ವರ ಏರದೆ ಇರಬಹುದು, ರಕ್ತಪರೀಕ್ಷೆಯ ಅಂಕಿಯೂ ಮೋಸ ಮಾಡಬಹುದು. ಆದ್ದರಿಂದ ಥರ್ಮಾಮೀಟರನ್ನೇ ನೆಚ್ಚದೆ, ಸುಸ್ತು ಉಬ್ಬಸಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸೋಂಕು ಇರುವಾಗ ಮುಂದಿನ ಡೋಸನ್ನು ಡಾಕ್ಟರನ್ನು ಕೇಳದೆ ಚುಚ್ಚಿಕೊಳ್ಳಬಾರದು.

ಕಾಮಾಲೆಯ ಪರೀಕ್ಷೆಯ ಹಿಂದೆಯೂ ಇಂಥದೇ ಕಥೆ. ಹೆಪಟೈಟಿಸ್ ಬಿ ವೈರಸ್ಸು ಕೂಡ ಪಿತ್ತಜನಕಾಂಗದಲ್ಲಿ ಸದ್ದಿಲ್ಲದೆ ಅಡಗಿ ಕೂರುವ ಜಾತಿ. ರಿಟುಕ್ಸಿಮ್ಯಾಬ್ ತೆಗೆದುಕೊಂಡವರಲ್ಲಿ ಅದು ಮತ್ತೆ ಎದ್ದು ಪ್ರಾಣ ತೆಗೆದ ಪ್ರಸಂಗಗಳು ಕೂಡಿಬಂದು, 2013ರಲ್ಲಿ ಅಮೆರಿಕದ ಔಷಧ ಇಲಾಖೆ ಈ ವಿಷಯದಲ್ಲಿ ಕಡು ಎಚ್ಚರಿಕೆಯನ್ನು ಪೆಟ್ಟಿಗೆಕಟ್ಟಿ ಅಚ್ಚುಹಾಕಿಸಿತು. ಇಲ್ಲಿ ನಮ್ಮ ಊರಿನ ಹೆಸರು ಎರಡು ಕಡೆಯಿಂದ ಬರುತ್ತದೆ. ವರಪ್ರಸಾದ ರೆಡ್ಡಿಯವರು 1993ರಲ್ಲಿ ಇಲ್ಲಿ ಶುರುಮಾಡಿದ ಶಾಂತಾ ಬಯೋಟೆಕ್ನಿಕ್ಸ್, 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ದೇಶದಲ್ಲೇ ತಯಾರಿಸಿ, ಆಮದು ಲಸಿಕೆಯ ಬೆಲೆಯ ಸಣ್ಣದೊಂದು ಪಾಲಿಗೆ ಮಾರುಕಟ್ಟೆಗೆ ತಂದಿತು. ಹತ್ತು ವರ್ಷದ ಮೇಲೆ, 2007ರಲ್ಲಿ, ಇಲ್ಲಿನದೇ ಡಾಕ್ಟರ್ ರೆಡ್ಡೀಸ್ ಕಂಪನಿ ರಿಟುಕ್ಸಿಮ್ಯಾಬಿನ ಪ್ರತಿರೂಪವಾದ ರೆಡಿಟಕ್ಸನ್ನು ಹೊರತಂದಿತು. ಅದೂ ಮೂಲದಕ್ಕಿಂತ ಎಷ್ಟೋ ಅಗ್ಗ. ಅಡಗಿದ ವೈರಸ್ಸನ್ನು ಎಬ್ಬಿಸಬಲ್ಲ ಮದ್ದೂ, ವೈರಸ್ಸು ಒಳಗೇ ಬರದಂತೆ ತಡೆಯುವ ಲಸಿಕೆಯೂ ಒಂದೇ ಊರಿನಲ್ಲಿ ತಯಾರಾದವು. ಈ ಲಸಿಕೆ ಸಜೀವ ಲಸಿಕೆಯಲ್ಲವಾದ್ದರಿಂದ ಈ ರೋಗಿಗಳಿಗೆ ಕೊಡಬಹುದು; ರಿಟುಕ್ಸಿಮ್ಯಾಬಿಗೆ ಮುಂಚೆ ಕೊಟ್ಟರೆ ಚೆನ್ನಾಗಿ ಹಿಡಿಯುತ್ತದೆ, ಆಮೇಲಾದರೆ ಅಷ್ಟಾಗಿ ಹಿಡಿಯುವುದಿಲ್ಲ. ಬೆಂಗಳೂರಿನ ಬಯೋಕಾನ್ ಸೋರಿಯಾಸಿಸ್‌ಗೆಂದು ಆಲ್ಜುಮ್ಯಾಬನ್ನು ತಂದದ್ದು 2013ರಲ್ಲಿ.

ಪ್ರತಿರೂಪ ಮದ್ದುಗಳೆಂದರೆ ನಕಲಿ ಮದ್ದುಗಳಲ್ಲ. ಇವುಗಳಿಗೆ ಭಾರತ ಸರಕಾರ 2012ರಲ್ಲಿ ಮಾರ್ಗಸೂಚಿ ಹೊರಡಿಸಿ 2016ರಲ್ಲಿ ತಿದ್ದಿದೆ. ಆದರೆ ಜೀವಕೋಶದಲ್ಲಿ ಬೆಳೆದ ಮದ್ದು ಎರಡು ಕಾರ್ಖಾನೆಗಳಲ್ಲಿ ಪಡಿಯಚ್ಚು ಒಂದೇ ಆಗುವುದಿಲ್ಲ. ‘ಅದೇ ಮದ್ದು, ಬೇರೆ ಕಂಪನಿ’ ಎಂದು ಅಂಗಡಿಯವರು ಕೊಟ್ಟದ್ದನ್ನು ಡಾಕ್ಟರಿಗೆ ತೋರಿಸದೆ ಬದಲಾಯಿಸಿಕೊಳ್ಳಬಾರದು. ಇನ್ನು, ಊರ ಕಡೆ ‘ಗೌಟಿ’ ಎಂದು ಪೊಟ್ಟಣ ಕಟ್ಟಿಕೊಡುವ ಹೆಸರಿಲ್ಲದ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆತಿರುವುದುಂಟು. ಅದೂ ಇದೂ ಸೇರಿದರೆ ಮೈಯ ಕಾವಲು ಎರಡು ಕಡೆಯಿಂದ ಕುಸಿಯುತ್ತದೆ.

ರೈಲಿನ ಮಾತು ಸ್ವಲ್ಪ. ಈ ಮದ್ದುಗಳು 2ರಿಂದ 8 ಡಿಗ್ರಿಯೊಳಗೆ ಇರಬೇಕು. ಫ್ರಿಜ್ಜಿನ ಬಾಗಿಲಲ್ಲಿ ಇಟ್ಟರೆ ತೆರೆದಾಗಲೆಲ್ಲ ಬಿಸಿಗಾಳಿ ತಾಕುತ್ತದೆ; ಮೇಲಿನ ಐಸಿನ ಅರೆಯಲ್ಲಿ ಇಟ್ಟರೆ ಹೆಪ್ಪುಗಟ್ಟಿ ಪೂರಾ ಕೆಡುತ್ತದೆ, ಕರಗಿಸಿದರೂ ಬಳಸುವಂತಿಲ್ಲ. ವೈಶಾಖದ ಬಿಸಿಲಲ್ಲಿ ಇಲ್ಲಿಂದ ರಾಯಚೂರಿಗೆ ಒಯ್ಯುವವರು ಥರ್ಮಾಕೋಲ್ ಡಬ್ಬಿಯಲ್ಲಿ ಜೆಲ್ ಪ್ಯಾಕಿಗೆ ಮದ್ದು ನೇರವಾಗಿ ತಾಕದಂತೆ ನಡುವೆ ಬಟ್ಟೆ ಸುತ್ತಿಡಬೇಕು.

ಕಡೆಯದಾಗಿ, ಮನೆಯ ಹೆಣ್ಣುಮಕ್ಕಳಿಗೆ ಸಂಬಂಧಪಟ್ಟ ಸಂಗತಿ. ಗರ್ಭಿಣಿಯಾಗಿದ್ದಾಗ ಇನ್‌ಫ್ಲಿಕ್ಸಿಮ್ಯಾಬ್ ತೆಗೆದುಕೊಂಡಿದ್ದ ಒಬ್ಬ ತಾಯಿಯ ಕೂಸಿಗೆ ಮೂರು ತಿಂಗಳಿಗೆ ಬಿ.ಸಿ.ಜಿ. ಲಸಿಕೆ ಹಾಕಿದರು. ಬಿ.ಸಿ.ಜಿ. ಸಜೀವ ಲಸಿಕೆ. ತಾಯಿಯ ಮದ್ದು ಹೊಕ್ಕುಳಬಳ್ಳಿಯ ಮೂಲಕ ಕೂಸಿನ ರಕ್ತಕ್ಕೆ ಇಳಿದು ಇನ್ನೂ ಉಳಿದಿತ್ತು. ಲಸಿಕೆಯ ಕ್ರಿಮಿಯೇ ಮೈಯೆಲ್ಲ ಹರಡಿ ಕೂಸು ನಾಲ್ಕೂವರೆ ತಿಂಗಳಿಗೆ ತೀರಿಕೊಂಡಿತು. ಇಂಗ್ಲೆಂಡಿನಿಂದ ಈ ವರದಿ ಬಂದದ್ದು 2010ರಲ್ಲಿ. ಅಲ್ಲಿ ಎಲ್ಲ ಮಕ್ಕಳಿಗೂ ಬಿ.ಸಿ.ಜಿ. ಹಾಕುವುದಿಲ್ಲ, ನಮ್ಮಲ್ಲಿ ಹುಟ್ಟಿದ ಕೂಡಲೇ ಎಲ್ಲರಿಗೂ ಹಾಕುತ್ತಾರೆ, ಹಾಕುವುದು ಸರಿಯೂ ಹೌದು. ಆದರೆ ಮದ್ದು ತೆಗೆದುಕೊಂಡದ್ದು ಹೈದರಾಬಾದಿನಲ್ಲಿ, ಹೆರಿಗೆ ತವರುಮನೆಯಲ್ಲಿ, ಲಸಿಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಎಂದಾದಾಗ, ಒಬ್ಬರ ಮಾತು ಇನ್ನೊಬ್ಬರಿಗೆ ಮುಟ್ಟುವುದಿಲ್ಲ. ಇಂಥ ಕೂಸಿಗೆ ಬಿ.ಸಿ.ಜಿ.ಯನ್ನು ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದಕ್ಕೆ ಹಾಕುತ್ತಾರೆ. ರೋಟಾವೈರಸ್ ಹನಿ, ಪೋಲಿಯೊ ಹನಿಗಳ ವಿಷಯವನ್ನೂ ಮಕ್ಕಳ ಡಾಕ್ಟರೇ ತೀರ್ಮಾನಿಸಬೇಕು. ಬಸುರಿಯಾದೆನೆಂದು ಹೆದರಿ ತಾನಾಗಿ ಮದ್ದು ನಿಲ್ಲಿಸುವುದೂ ಸರಿಯಲ್ಲ, ರೋಗ ಮರುಕಳಿಸಿದರೆ ತಾಯಿಗೂ ಕೂಸಿಗೂ ಕಷ್ಟ. ಎಷ್ಟನೆಯ ತಿಂಗಳವರೆಗೆ ತೆಗೆದುಕೊಳ್ಳಬೇಕು ಎಂಬುದು ಮದ್ದಿನಿಂದ ಮದ್ದಿಗೆ ಬೇರೆ.

ನಮ್ಮ ಪರಿಚಯದ ಒಂದು ಮನೆಯವರು ಮಗಳನ್ನು ಸಿಂಧನೂರಿಗೆ ಹೆರಿಗೆಗೆ ಕಳಿಸುವಾಗ ತಾಯಿಕಾರ್ಡಿನ ಮುಖಪುಟಕ್ಕೆ ಒಂದು ಚೀಟಿ ಅಂಟಿಸಿದ್ದರು. ಮದ್ದಿನ ಹೆಸರು, ಕೊನೆಯ ಡೋಸಿನ ತಾರೀಕು, ಇಲ್ಲಿನ ಡಾಕ್ಟರ ಫೋನ್ ನಂಬರು, ಕೆಳಗೆ ಕೆಂಪು ಶಾಯಿಯಲ್ಲಿ ‘ಕೇಳದೆ ಬಿ.ಸಿ.ಜಿ. ಹಾಕಬೇಡಿ’ ಎಂದು ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ. ಹೆರಿಗೆಯಾದ ದಿನ ಅಲ್ಲಿನ ನರ್ಸು ಆ ಚೀಟಿ ಓದಿಯೇ ಫೋನು ಮಾಡಿದರು.